ಮಂಗಳವಾರದ ಮೇಡಂ

ವಾರವನ್ನು ಏಳು ದಿನಕ್ಕೆ ಕತ್ತರಿಸಿಟ್ಟವರು ಯಾರಾದರೂ ಕೈಗೆ ಸಿಕ್ಕಿದ್ದರೆ ಆಕೆ ಅವರನ್ನು ಸುಮ್ಮನೆ ಬಿಡುತ್ತಿರಲಿಲ್ಲ. ಸೋಮವಾರ ಬೀಗ ಮಾಡುವ ವರ್ಕ್‌ಶಾಪು, ಮಂಗಳವಾರ ಲಾಂಡ್ರಿ, ಬುಧವಾರ ಮತ್ತು ಗುರುವಾರ ಔಷಧಿ ಗೋದಾಮು, ಶುಕ್ರವಾರ ಕನ್ನಡಿ ಕಾರ್ಖಾನೆ. ನಾಲ್ಕು ಕಡೆಯೂ ಆಕೆಯೇ ಮ್ಯಾನೇಜರು, ನಾಲ್ಕು ಕಡೆಯೂ ಕೂರುವ ಕುರ್ಚಿ ಇನ್ನೊಬ್ಬರದು. ಇಡೀ ಮ್ಯಾನೇಜರನ್ನು ಸಾಕುವ ತಾಕತ್ತಿಲ್ಲದ ಕಂಪನಿಗಳು ಹಾಲಿನವರ ಹತ್ತಿರ ಕಾಲು ಲೀಟರು ಕೇಳಿದ ಹಾಗೆ ಕಾಲು ಮ್ಯಾನೇಜರನ್ನು ಕೇಳಿ ತರಿಸಿಕೊಳ್ಳುತ್ತವೆ. ಹನ್ನೊಂದು ವರ್ಷದಿಂದ ಆಕೆ ಹೀಗೆ ಅಳತೆಯ ಮೇಲೆ ಹೋಗಿ ಬರುತ್ತಿದ್ದಳು. ವಯಸ್ಸು ಐವತ್ತಾರು, ಸಾಲದ್ದಕ್ಕೆ ಮಂಡಿ ನೋವು.

ಲಾಂಡ್ರಿಯಲ್ಲಿ ಆಕೆಗೆ ಮಂಗಳವಾರದ ಮೇಡಂ ಎಂದು ಹೆಸರು. ಬೀಗದವರಿಗೆ ಸೋಮವಾರದವರು, ಕನ್ನಡಿಯವರಿಗೆ ಶುಕ್ರವಾರದವರು. ಸ್ವಂತ ಹೆಸರು ಹಿಡಿದು ಕರೆಯುವವನು ಗಂಡನೊಬ್ಬನೇ. ಅವನು ಸರ್ವೇ ಇಲಾಖೆಯಲ್ಲಿ ಮೂವತ್ತು ವರ್ಷ ನಕ್ಷೆ ಬರೆದು ನಿವೃತ್ತನಾದವನು. ಕೈ ಸುಮ್ಮನಿರದೆ ಹೆಂಡತಿಯ ವಾರವನ್ನೂ ನಕ್ಷೆ ಮಾಡಿ, ಒಂದೊಂದು ಕಂಪನಿಗೆ ಒಂದೊಂದು ಬಣ್ಣ ತುಂಬಿ, ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದ. ಶನಿವಾರವನ್ನೂ ಭಾನುವಾರವನ್ನೂ ಬಿಳಿಯಾಗಿಯೇ ಬಿಟ್ಟಿದ್ದ. ಭಾನುವಾರಕ್ಕೂ ಟೆಂಡರ್ ಕರೆಯೋದಾದ್ರೆ ನಾನೂ ಒಂದು ಅರ್ಜಿ ಹಾಕ್ತೀನಿ ಎಂದು ಆಗಾಗ ಕಾಲೆಳೆಯುತ್ತಿದ್ದ. ಆಕೆಗೆ ನಗು ಬರುತ್ತಿತ್ತು, ನಗುವಷ್ಟು ತ್ರಾಣ ಇರುತ್ತಿರಲಿಲ್ಲ.

ಆಕೆಯದೊಂದು ವ್ರತವಿತ್ತು. ಒಬ್ಬರಿಗೆ ಕೊಟ್ಟ ದಿನ ಪೂರ್ತಿ ಅವರದೇ. ಬುಧವಾರ ಗೋದಾಮಿನಲ್ಲಿ ಕೂತಾಗ ಲಾಂಡ್ರಿಯಿಂದ ಫೋನು ಬಂದರೆ ಅದನ್ನು ಬೋರಲು ಹಾಕಿಬಿಡುತ್ತಿದ್ದಳು. ಇದನ್ನು ಹೊಸ ಕಂಪನಿಗಳಿಗೆ ಮೊದಲ ಭೇಟಿಯಲ್ಲೇ ಹೇಳುತ್ತಿದ್ದಳು. ಕೇಳಿದವರೆಲ್ಲ ತಲೆದೂಗುತ್ತಿದ್ದರು. ಅವರ ದಿನದಲ್ಲಿ ಬೇರೆಯವರ ಫೋನು ಎತ್ತುವುದಿಲ್ಲ ಎಂದಮೇಲೆ ಯಾರಿಗೆ ತಾನೇ ಖುಷಿಯಾಗುವುದಿಲ್ಲ, ಹೇಳಿ. ಉಳಿದ ದಿನಗಳಲ್ಲಿ ತಮ್ಮ ಫೋನಿಗೂ ಅದೇ ಗತಿ ಎಂದು ಒಬ್ಬರಿಗೂ ಹೊಳೆಯುತ್ತಿರಲಿಲ್ಲ.

ಲಾಂಡ್ರಿ ಎಂದರೆ ಬೀದಿ ಮೂಲೆಯ ಇಸ್ತ್ರಿ ಅಂಗಡಿಯಲ್ಲ. ಎರಡು ಆಸ್ಪತ್ರೆ, ಐದಾರು ಹೋಟೆಲುಗಳ ಹಾಸಿಗೆ ಬಟ್ಟೆಯೆಲ್ಲ ಇಲ್ಲಿಗೆ ಬರಬೇಕು. ಹಿಂದಿನ ಬಾಗಿಲಲ್ಲಿ ಮೂಟೆ ಇಳಿಯುತ್ತದೆ, ಒಳಗೆ ಆಳೆತ್ತರದ ಒಗೆಯುವ ಯಂತ್ರಗಳು, ಅದರಾಚೆ ರೋಲರುಗಳು. ಒದ್ದೆ ಚಾದರದ ಅಂಚನ್ನು ಇಬ್ಬರು ಎರಡು ಕಡೆ ಹಿಡಿದು ಬಾಯಿಗೆ ಕೊಟ್ಟರೆ, ಬಿಸಿ ಉರುಳೆಗಳು ಅದನ್ನು ಎಳೆದುಕೊಂಡು ಆ ಬದಿಗೆ ಗರಿಗರಿಯಾಗಿ ಉಗುಳುತ್ತವೆ. ರೋಲರಿನ ಬಾಯಿಯ ಮುಂದೆ ಉದ್ದಕ್ಕೂ ಒಂದು ತಡೆಪಟ್ಟಿ. ಬೆರಳು ತಾಕಿದರೆ ಸಾಕು, ಯಂತ್ರ ತಟ್ಟನೆ ನಿಲ್ಲಬೇಕು. ಆ ಪಟ್ಟಿಯ ನಂಬಿಕೆಯ ಮೇಲೆಯೇ ಹನ್ನೆರಡು ಹೆಂಗಸರು ದಿನವಿಡೀ ಕೈ ಚಾಚುತ್ತಿದ್ದರು.

ಅಲ್ಲಿನ ಮೇಸ್ತ್ರಿಯನ್ನು ಎಲ್ಲರೂ ದೊಡ್ಡಕ್ಕ ಅನ್ನುತ್ತಿದ್ದರು. ಇಪ್ಪತ್ತೆರಡು ವರ್ಷದ ಸರ್ವೀಸು, ಗಟ್ಟಿ ಗಂಟಲು. ಯಂತ್ರ ಒಂಚೂರು ಬೇರೆ ದನಿ ತೆಗೆದರೂ ಇವಳ ಕಿವಿ ನೆಟ್ಟಗಾಗುತ್ತಿತ್ತು. 'ನಿಲ್ಸು' ಎಂದು ಒಂದು ಕೂಗು ಹಾಕಿದರೆ ಬೀದಿಯಲ್ಲಿ ಹೋಗುವವರೂ ನಿಂತುಬಿಡುತ್ತಿದ್ದರಂತೆ. ಮಾಲೀಕರನ್ನು ಕೇಳುವ ಪದ್ಧತಿಯೇ ಅವಳಿಗೆ ಇರಲಿಲ್ಲ. ಮಾಲೀಕರು ಎಂದರೆ ಚಿಕ್ಕ ಯಜಮಾನರು. ದೊಡ್ಡ ಯಜಮಾನರು ತೀರಿಕೊಂಡು ಹದಿನೈದು ವರ್ಷವಾಗಿ, ಇವರಿಗೇ ಮೊಮ್ಮಕ್ಕಳಾಗಿದ್ದರೂ ಚಿಕ್ಕವರು ಚಿಕ್ಕವರಾಗಿಯೇ ಉಳಿದಿದ್ದರು. ಕೆಟ್ಟ ಮನುಷ್ಯರಲ್ಲ. ಪುಕ್ಕಲು ಜೀವ, ಅಷ್ಟೆ.

ಎರಡು ವರ್ಷದ ಕೆಳಗೆ ಆಕೆ ಇಲ್ಲಿಗೆ ಕಾಲಿಟ್ಟಾಗ ಲಾಂಡ್ರಿ ಎಕ್ಕುಟ್ಟಿ ಹೋಗಿತ್ತು. ಚಾದರ ಹೊತ್ತಿಗೆ ತಲುಪುತ್ತಿಲ್ಲವೆಂದು ದೊಡ್ಡ ಆಸ್ಪತ್ರೆಯವರು ಬೇರೆ ಲಾಂಡ್ರಿ ನೋಡಿಕೊಳ್ಳುವ ಮಾತಾಡಿದ್ದರು. ಆಕೆ ಬಂದವಳೇ ಒಂದು ತಿಂಗಳು ತುಟಿ ಬಿಚ್ಚದೆ, ಯಂತ್ರ ಯಾವಾಗ ನಿಂತಿತು, ಯಾರು ನಿಲ್ಲಿಸಿದರು, ಯಾಕೆ ಎಂದು ಬರೆದುಕೊಂಡಳು. ನಲವತ್ತೊಂದು ಸಲ ನಿಂತಿತ್ತು. ನಿಜಕ್ಕೂ ನಿಲ್ಲಿಸಬೇಕಾಗಿದ್ದದ್ದು ಆರು ಸಲ. ಉಳಿದದ್ದೆಲ್ಲ ಇದೇನೋ ವಾಸನೆ, ಅದೇನೋ ಸದ್ದು. ಆಕೆ ಒಂದು ಪುಸ್ತಕ ತರಿಸಿ ಇಟ್ಟಳು, ಗೋಡೆಗೆ ಒಂದು ಕಾಗದ ಅಂಟಿಸಿದಳು. ಯಂತ್ರದ ದೂರು ಏನೇ ಇದ್ದರೂ ಪುಸ್ತಕದಲ್ಲಿ ಬರೆಯಿರಿ, ಮ್ಯಾನೇಜರ್ ಸಹಿ ಇಲ್ಲದೆ ಯಾರೂ ನಿಲ್ಲಿಸಬೇಡಿ. ಅಪಾಯವಿದ್ದರೆ ಮಾತ್ರ ನಿಲ್ಲಿಸಿ ಎಂಬ ಸಾಲು ಅದರಲ್ಲಿ ಇರಲಿಲ್ಲ. ಎಳೆ ಮಗುವಿಗೂ ಗೊತ್ತಿರುವ ಮಾತನ್ನು ಗೋಡೆಯ ಮೇಲೆ ಯಾಕೆ ಬರೆಯಬೇಕು ಎಂದುಕೊಂಡಿದ್ದಳು.

ದೊಡ್ಡಕ್ಕ ಮೊದಲು ಕ್ಯಾರೇ ಅನ್ನಲಿಲ್ಲ. ಮೂರನೇ ವಾರ ಸುಟ್ಟ ವಾಸನೆ ಎಂದು ಒಂದು ರೋಲರನ್ನು ಅರ್ಧ ದಿನ ನಿಲ್ಲಿಸಿದಳು. ಬಿಚ್ಚಿ ನೋಡಿದರೆ ಏನೂ ಇಲ್ಲ. ಮಂಗಳವಾರ ಬಂದ ಆಕೆ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು, ದೊಡ್ಡಕ್ಕ ಎರಡರಷ್ಟು ಬೈದು ಹಗುರಾಗುತ್ತಿದ್ದಳು. ಆಕೆ ಮಾಡಿದ್ದೇನೆಂದರೆ, ಹನ್ನೆರಡು ಹೆಂಗಸರನ್ನೂ ಬೋರ್ಡಿನ ಮುಂದೆ ನಿಲ್ಲಿಸಿ, ಆ ಅರ್ಧ ದಿನದಲ್ಲಿ ಎಷ್ಟು ಚಾದರ ತಪ್ಪಿತು ಎಂದು ಗೀಟೆಳೆದು ತೋರಿಸಿ, ಯಾಕೆ ನಿಲ್ಲಿಸಿದಿರಿ ಎಂದು ನೀವೇ ಎಲ್ಲರಿಗೂ ಹೇಳಿ ದೊಡ್ಡಕ್ಕ ಎಂದು ತಣ್ಣಗೆ ಕೇಳಿದಳು. ದೊಡ್ಡಕ್ಕ ಬಾಯಿ ತೆರೆದಳು. ವಾಸನೆ ಬಂತು ಅನ್ನುವುದರ ಹೊರತು ಅವಳ ಹತ್ತಿರ ಹೇಳುವುದಕ್ಕೇನೂ ಇರಲಿಲ್ಲ. ಸಣ್ಣ ಹುಡುಗಿಯೊಬ್ಬಳು ಕಿಸಕ್ಕೆಂದಳು. ಅಂದಿನಿಂದ ದೊಡ್ಡಕ್ಕ ಎಲ್ಲವನ್ನೂ ಪುಸ್ತಕದಲ್ಲಿ ಬರೆಯತೊಡಗಿದಳು.

ಲಾಂಡ್ರಿ ಚೇತರಿಸಿಕೊಂಡಿತು, ಅದರಲ್ಲಿ ಎರಡು ಮಾತಿಲ್ಲ. ವಾರಕ್ಕೆ ಎರಡು ದಿನ ಬರುತ್ತಿದ್ದ ಆಕೆಯನ್ನು ಚಿಕ್ಕ ಯಜಮಾನರು, ಈಗ ಎಲ್ಲ ಸರಿಹೋಯ್ತಲ್ಲ ಎಂದು ಒಂದು ದಿನಕ್ಕೆ ಇಳಿಸಿದರು. ಈ ಕಸುಬೇ ಹೀಗೆ. ಚೆನ್ನಾಗಿ ಮಾಡಿದಷ್ಟೂ ಕೆಲಸ ಕೈಬಿಟ್ಟು ಹೋಗುತ್ತದೆ. ಇತ್ತೀಚಿನ ವಾರಗಳಲ್ಲಂತೂ ಆಕೆ ಎಷ್ಟು ಸೋತಿದ್ದಳೆಂದರೆ ಬಸ್ಸಿನಲ್ಲಿ ಕೂತಾಗ ಇವತ್ತು ಯಾವ ಗೇಟಿನ ಮುಂದೆ ಇಳಿಯಬೇಕು ಎಂದು ಬೆರಳು ಮಡಿಸಿ ಎಣಿಸಿಕೊಳ್ಳುತ್ತಿದ್ದಳು.

ಅಂಥದೊಂದು ಬುಧವಾರ ಮಧ್ಯಾಹ್ನ ಗೋದಾಮಿನಲ್ಲಿ ಫೋನು ನಡುಗಿತು. ದೊಡ್ಡಕ್ಕನದು. ಬೋರಲು ಹಾಕಿದಳು. ಸಂಜೆ ಬಸ್ಸಿನಲ್ಲಿ ನೋಡಿದರೆ ಮೆಸೇಜು ಬಂದಿತ್ತು: ಎರಡನೇ ರೋಲರಿನ ಪಟ್ಟಿ ಬಿಗಿಯಾಗಿದೆ, ನಿಲ್ಲಿಸಲಾ. ಆಕೆಯ ತಲೆ ಗಿಮ್ಮೆನ್ನುತ್ತಿತ್ತು. ಯಾವ ಪಟ್ಟಿ ಎಂದು ಕೇಳಲಿಲ್ಲ. ಒಂದು ಯಂತ್ರದಲ್ಲಿ ಹತ್ತು ಪಟ್ಟಿ ಇರುತ್ತವೆ, ಬೆಲ್ಟಿನ ಮಾತಿರಬೇಕು ಎಂದುಕೊಂಡಳು. ಅಷ್ಟು ಕೂಡ ಅಂದುಕೊಂಡಳೋ ಇಲ್ಲವೋ. ಪುಸ್ತಕದಲ್ಲಿ ಬರೆದಿಡಿ, ಮಂಗಳವಾರ ನೋಡೋಣ ಎಂದು ಉತ್ತರ ಹಾಕಿ ಕಣ್ಣು ಮುಚ್ಚಿದಳು.

ಶನಿವಾರ ಮಧ್ಯಾಹ್ನ ಎರಡನೇ ರೋಲರು ದೊಡ್ಡಕ್ಕನ ಬಲಗೈಯನ್ನು ಎಳೆದುಕೊಂಡಿತು. ಪಟ್ಟಿ ಜಗ್ಗಲಿಲ್ಲ. ಎದುರಿಗಿದ್ದವಳು ಓಡಿಹೋಗಿ ಕೆಂಪು ಗುಂಡಿ ಒತ್ತುವಷ್ಟರಲ್ಲಿ ಅಂಗೈ ಬೆಂದು, ಎರಡು ಬೆರಳು ಜಜ್ಜಿ ಹೋಗಿದ್ದವು.

ಚಿಕ್ಕ ಯಜಮಾನರು ಫೋನಿನಲ್ಲಿ ತೊದಲುತ್ತಿದ್ದರು. ಕಾರ್ಮಿಕ ಇಲಾಖೆಯವರು ಬರುತ್ತಾರೆ, ಸೋಮವಾರದೊಳಗೆ ಮ್ಯಾನೇಜರ್ ವರದಿ ಬೇಕು. ಪಟ್ಟಿ ಕೆಟ್ಟಿರುವುದು ಬುಧವಾರವೇ ದೊಡ್ಡಕ್ಕನಿಗೆ ಗೊತ್ತಿತ್ತು, ಪುಸ್ತಕದಲ್ಲಿ ಅವಳ ಕೈಬರಹವೇ ಇದೆ. ಗೊತ್ತಿದ್ದೂ ಮೇಸ್ತ್ರಿಯಾದವಳು ಯಂತ್ರ ಓಡಿಸಿದಳು ಎಂದಮೇಲೆ ಕೆಲಸಗಾರರ ಅಜಾಗರೂಕತೆ ಎಂದು ಒಂದು ಸಾಲು ಬರೆದರೆ ಆಸ್ಪತ್ರೆಯವರಿಗೂ ಮುಖ ತೋರಿಸಬಹುದು ಎಂದರು. ದೊಡ್ಡಕ್ಕನ ಗತಿಯೇನು ಎಂದು ಆಕೆ ಕೇಳಿದಳು. ಹಾಗೆ ಬರೆದಮೇಲೆ ಇಟ್ಟುಕೊಳ್ಳುವುದು ಹೇಗಾಗುತ್ತದೆ, ನೀವೇ ಹೇಳಿ ಎಂದರು ಅವರು. ಆ ದನಿಯಲ್ಲಿ ದುಃಖವೂ ಇತ್ತು.

ಭಾನುವಾರ ಬೆಳಿಗ್ಗೆ ಆಕೆ ಆಸ್ಪತ್ರೆಗೆ ಹೋದಳು. ಉದ್ದನೆಯ ವಾರ್ಡು, ಕಿಟಕಿಯ ಪಕ್ಕದ ಮಂಚ. ದೊಡ್ಡಕ್ಕ ಕಟ್ಟು ಹಾಕಿದ ಕೈಯನ್ನು ದಿಂಬಿನ ಮೇಲಿಟ್ಟುಕೊಂಡು, ಎಡಗೈಯಲ್ಲಿ ಚಾದರದ ಅಂಚು ಎತ್ತಿ ಪರೀಕ್ಷೆ ಮಾಡುತ್ತಿದ್ದಳು. ಇದು ನಮ್ಮದೇ ಶುಕ್ರವಾರದ ಲೋಡು, ಮಡಿಕೆ ನೋಡಿ ಹೇಗೆ ಸೊಟ್ಟಗಿದೆ, ಆ ಮೂರನೇ ಟೇಬಲ್ಲಿನವಳಿಗೆ ಎಷ್ಟು ಬಡಿದುಕೊಂಡರೂ ಅಷ್ಟೆ ಎಂದು ಬೇಸರಪಟ್ಟಳು. ಆಮೇಲೆ ತಲೆ ಎತ್ತಿ ನೋಡಿ, ಬಂದವರು ಯಾರೆಂದು ಈಗ ಗೊತ್ತಾದ ಹಾಗೆ ಎದ್ದು ಕೂರಲು ಹೋದಳು.

"ಇವತ್ತು ನಿಮ್ಮ ದಿನ ಅಲ್ವಲ್ಲ ಮೇಡಂ. ಯಾಕೆ ಬರೋಕೆ ಹೋದ್ರಿ?"

ಆಕೆ ಸ್ಟೂಲಿನ ಮೇಲೆ ಕೂತಳು. ಮಗಳು ಔಷಧಿ ತರಲು ಕೆಳಗೆ ಹೋಗಿದ್ದಾಳೆ, ನರ್ಸಿಂಗ್ ಕಡೇ ವರ್ಷ, ಇನ್ನೊಂದು ವರ್ಷ ತಳ್ಳಿಬಿಟ್ಟರೆ ದಡ ಸೇರಿದ ಹಾಗೆ ಎಂದು ದೊಡ್ಡಕ್ಕ ಕೇಳದೆಯೇ ಹೇಳಿದಳು. ಆ ಒಂದು ವರ್ಷ ಎಂಬ ಮಾತು ಆಕೆಯ ಕಿವಿಯಲ್ಲೇ ಕೂತಿತು. ಕೊನೆಗೆ ಕೇಳಬೇಕಾದದ್ದನ್ನು ಕೇಳಿದಳು. ಪಟ್ಟಿ ಕೆಟ್ಟಿದೆ ಎಂದು ಗೊತ್ತಿತ್ತು, ಯಾಕೆ ನಿಲ್ಲಿಸಲಿಲ್ಲ?

ದೊಡ್ಡಕ್ಕ ಚಾದರದ ಸೊಟ್ಟ ಮಡಿಕೆಯನ್ನು ಎಡಗೈಯಲ್ಲಿ ಸರಿಮಾಡಿದಳು. "ನಿಲ್ಸಿದ್ರೆ ಮಂಗಳವಾರ ಬೋರ್ಡ್ ಮುಂದೆ ನಿಂತು ಉತ್ತರ ಹೇಳ್ಬೇಕಿತ್ತು. ಇನ್ನೊಂದ್ ಸಲ ಅಲ್ಲಿ ನಿಲ್ಲೋಕೆ ನನ್ ಕೈಲಿ ಆಗ್ತಿರ್ಲಿಲ್ಲ ಮೇಡಂ. ಅದಕ್ಕೆ ಪಟ್ಟಿ ಬಿಗಿ ಇದ್ದ ಬದಿಯಿಂದ ಹುಡುಗೀರನ್ನ ಕಳಿಸ್ಬಿಟ್ಟು, ಅಲ್ಲಿ ನಾನೇ ನಿಂತೆ. ಮಂಗಳವಾರದ ತನಕ ತಾನೇ ಅಂದ್ಕೊಂಡೆ."

ಮೇಡಂ ಕೈಗೆ ಸಿಕ್ಕ ಬ್ಯಾಗಿನ ಜಿಪ್ಪನ್ನು ಎಳೆದಳು, ಮುಚ್ಚಿದಳು. ನನ್ನ ಮೆಸೇಜನ್ನು ಯಜಮಾನರಿಗೆ ತೋರಿಸಿದಿರಾ ಎಂದು ಕೇಳಿದಳು.

"ಅಳಿಸ್ಬಿಟ್ಟೆ. ಅವ್ರು ಫೋನ್ ಕೊಡಿ ನೋಡೋಣ ಅಂದ್ರು, ಅಷ್ಟ್ರಲ್ಲಿ ಮಗಳ ಕೈಲಿ ಅಳಿಸ್ದೆ. ನೀವೂ ನಾಲ್ಕ್ ಕಡೆ ಮುಖ ತೋರಿಸ್ಬೇಕಲ್ಲ, ಪಾಪ."

ಪಾಪವಂತೆ. ಕೈ ಬೇಯಿಸಿಕೊಂಡು ಮಲಗಿದವಳು ಪಾಪ ಅನ್ನುತ್ತಿದ್ದಾಳೆ, ಎರಡೂ ಕೈ ನೆಟ್ಟಗಿರುವವಳು ಅನ್ನಿಸಿಕೊಳ್ಳುತ್ತಿದ್ದಾಳೆ. ಆಕೆ ಇನ್ನು ಅಲ್ಲಿ ಕೂರಲಾರದೆ ಎದ್ದಳು. ಮೆಟ್ಟಿಲು ಇಳಿಯುವಾಗ ಮಂಡಿಯ ಜೊತೆಗೆ ಮೈಯೆಲ್ಲ ನೋಯುತ್ತಿತ್ತು. ಈಗ ಆ ಮೆಸೇಜು ಉಳಿದಿರುವುದು ತನ್ನ ಫೋನಿನಲ್ಲಿ ಮಾತ್ರ. ಅದನ್ನೂ ಅಳಿಸಿದರೆ ಬುಧವಾರ ಸಂಜೆ ಎಂಬುದು ನಡೆದೇ ಇಲ್ಲ.

ಮನೆಗೆ ಬಂದು ಊಟ ಬೇಡವೆಂದು ಮೇಜಿನ ಮುಂದೆ ಕೂತಳು. ಗಂಡನಿಗೆ ಎಲ್ಲವನ್ನೂ ಒಪ್ಪಿಸಿದಳು. ಈ ಊರಿನ ಮಾಲೀಕರೆಲ್ಲ ಒಬ್ಬರಿಗೊಬ್ಬರು ಗೊತ್ತಿರುವವರು. ಇವಳಿಂದ ಒಬ್ಬಳ ಕೈ ಹೋಯಿತು ಎಂದು ಒಬ್ಬರ ಕಿವಿಗೆ ಬಿದ್ದರೆ ನಾಲ್ಕು ಗೇಟುಗಳೂ ಮುಚ್ಚಿದಂತೆಯೇ. ಈ ವಯಸ್ಸಿಗೆ ಮತ್ತೆ ಯಾರ ಬಾಗಿಲು ತಟ್ಟಲಿ ಎಂದಳು. ನನಗೆ ಸಾಕಾಗಿದೆ, ಸತ್ತು ಸುಣ್ಣವಾಗಿ ಹೋಗಿದ್ದೇನೆ ಎಂದಳು. ಗಂಡ ತಮಾಷೆಯನ್ನೇನೂ ಮಾಡಲಿಲ್ಲ. ನೀರಿನ ಲೋಟ ತಂದು ಮುಂದಿಟ್ಟ.

"ಇದ್ದಿದ್ದನ್ನ ಇದ್ದ ಹಾಗೆ ಬರಿ. ಆಮೇಲೆ ಮಲ್ಕೋ," ಎಂದ.

ಆಕೆಯ ವರದಿಗಳು ಸಾಮಾನ್ಯವಾಗಿ ಎಂಟು ಹತ್ತು ಪುಟ ಇರುತ್ತಿದ್ದವು. ಇದು ಅರ್ಧ ಪುಟ. ನಿಯಮ ನನ್ನದು. ಅಪಾಯದ ಸಾಲನ್ನು ಬಿಟ್ಟವಳು ನಾನು. ಬುಧವಾರ ಮೇಸ್ತ್ರಿ ಕೇಳಿದ್ದರು, ನಿಲ್ಲಿಸಬೇಡಿ ಎಂಬಂತೆ ಉತ್ತರ ಕೊಟ್ಟವಳೂ ನಾನು. ಮೆಸೇಜಿನ ಫೋಟೋ ಜೊತೆಗಿದೆ. ಸಹಿ ಹಾಕಿದಳು. ಸೋಮವಾರ ಬೀಗದವರಿಗೆ ರಜೆ ಹೇಳಿ ಲಾಂಡ್ರಿಗೆ ಹೋದಳು. ಹನ್ನೊಂದು ವರ್ಷದಲ್ಲಿ ಒಬ್ಬರ ದಿನವನ್ನು ಇನ್ನೊಬ್ಬರಿಗೆ ಕೊಟ್ಟದ್ದು ಅದೇ ಮೊದಲು.

ಚಿಕ್ಕ ಯಜಮಾನರು ಓದಿ ಕನ್ನಡಕ ತೆಗೆದರು. ಇಷ್ಟೆಲ್ಲ ಬರೆಯಲೇಬೇಕಿತ್ತೇ, ಆ ಫೋಟೋ ಒಂದನ್ನಾದರೂ ಬಿಡಬಹುದಿತ್ತಲ್ಲ ಎಂದು ಗೋಗರೆದರು. ಬಿಡುವುದಿಲ್ಲ ಎಂದಳು. ಆಮೇಲೆ ಆಗಬೇಕಾದದ್ದೆಲ್ಲ ಆಯಿತು. ಇಲಾಖೆಯವರು ಬಂದರು, ಬರೆದುಕೊಂಡರು, ಕಂಪನಿಗೆ ದಂಡ ಹಾಕಿದರು. ದೊಡ್ಡಕ್ಕನ ಕೆಲಸ ಉಳಿಯಿತು, ಆಸ್ಪತ್ರೆಯ ಖರ್ಚನ್ನು ಕಂಪನಿ ಹೊತ್ತಿತು. ಚಿಕ್ಕ ಯಜಮಾನರು ಮೇಡಂಗೆ, ದೊಡ್ಡಕ್ಕ ವಾಪಸು ಬರುವ ತನಕ ಮಾತ್ರ ಬನ್ನಿ, ಅವಳ ಕೈಗೆ ಎಲ್ಲ ಒಪ್ಪಿಸಿ ಹೋಗಿ ಎಂದರು. ಕನ್ನಡಿಯವರು ಕಾರಣ ಹೇಳದೆ ಬರುವುದು ಬೇಡ ಎಂದರು. ಗಂಡ ಫ್ರಿಜ್ಜಿನ ಮುಂದೆ ನಿಂತು ಶುಕ್ರವಾರದ ಬಣ್ಣವನ್ನು ಉಜ್ಜಿ ತೆಗೆದ.

ಇಷ್ಟಾದರೂ ದೊಡ್ಡಕ್ಕ ಮರಳಿ ಬರುವ ತನಕದ ಏಳು ವಾರ ಆಕೆಗೆ ಒಂದು ಸಮಾಧಾನವಿತ್ತು. ದೊಡ್ಡಕ್ಕನ ಜಾಗವನ್ನು ದೊಡ್ಡಕ್ಕನಿಗೆ ತಿರುಗಿ ಕೊಡುತ್ತಿದ್ದೇನಲ್ಲ ಎಂಬ ಸಮಾಧಾನ. ಗೋಡೆಯ ಕಾಗದವನ್ನು ತನ್ನ ಉಗುರಿನಿಂದಲೇ ಕೆರೆದು ತೆಗೆದಳು. ತಡೆಪಟ್ಟಿಗಳನ್ನೆಲ್ಲ ಹೊಸದಾಗಿ ಹಾಕಿಸಿದಳು. ಯಂತ್ರದ ಮುಂದೆ ನಿಂತವರು ಯಾವಾಗ ಬೇಕಾದರೂ ನಿಲ್ಲಿಸಬಹುದು, ಕಾರಣ ಆಮೇಲೆ ಕೇಳಿದರಾಯಿತು ಎಂದು ಎಲ್ಲರನ್ನೂ ಕೂರಿಸಿ ಹೇಳಿದಳು. ಇನ್ನು ಮೇಲೆ ಇಲ್ಲಿ ಮಂಗಳವಾರದವರು ಯಾರೂ ಇರುವುದಿಲ್ಲ, ದೊಡ್ಡಕ್ಕನೇ ಎಲ್ಲ ಎಂದೂ ಹೇಳಿದಳು.

ದೊಡ್ಡಕ್ಕ ಬಂದದ್ದು ಮಂಗಳವಾರವೇ. ಬಲಗೈಯ ಎರಡು ಬೆರಳು ಮಡಚುತ್ತಿರಲಿಲ್ಲ. ಹುಡುಗಿಯರು ಸುತ್ತ ಮುತ್ತಿಕೊಂಡರು. ಅವಳು ಎಲ್ಲರಿಗೂ ಒಂದೊಂದು ಮಾತು ಬಿಸಾಕಿ, ಮೂರನೇ ಟೇಬಲ್ಲಿನವಳಿಗೆ ಮಡಿಕೆಯ ಬಗ್ಗೆ ನಾಲ್ಕು ಮಾತು ಹೆಚ್ಚಿಗೆ ಹೇಳಿ, ರೋಲರುಗಳ ಕಡೆ ನಡೆದಳು. ನೋಡುತ್ತಿದ್ದ ಆಕೆಗೆ ಎಷ್ಟೋ ದಿನದ ಮೇಲೆ ಬೆನ್ನಿನ ಭಾರ ಇಳಿದ ಹಾಗಾಯಿತು. ಬೀಗದ ಕೈ ಗೊಂಚಲು, ಮೆಕ್ಯಾನಿಕ್ಕಿನ ಫೋನ್ ನಂಬರು, ಎಲ್ಲವನ್ನೂ ಅವಳಿಗೆ ಒಪ್ಪಿಸಿದಳು. ದೊಡ್ಡಕ್ಕ ಆಗಲಿ, ಆಗಲಿ ಎಂದು ತಲೆಯಾಡಿಸುತ್ತ ತೆಗೆದುಕೊಂಡಳು.

ಮಧ್ಯಾಹ್ನದ ಊಟ ಮುಗಿದು ಅರ್ಧ ಗಂಟೆಯಾಗಿರಬೇಕು. ಮೊದಲನೇ ರೋಲರಿನಿಂದ ಕಟಕಟ ಎಂದು ಸದ್ದು ಬರತೊಡಗಿತು. ಮೊದಲು ಸಣ್ಣಗೆ, ಆಮೇಲೆ ಜೋರಾಗಿ. ಚಾದರ ಕೊಡುತ್ತಿದ್ದ ಇಬ್ಬರು ಹುಡುಗಿಯರೂ ತಿರುಗಿ ದೊಡ್ಡಕ್ಕನನ್ನು ನೋಡಿದರು. ದೊಡ್ಡಕ್ಕ ಕೆಂಪು ಗುಂಡಿಯ ಹತ್ತಿರವೇ ಇದ್ದಳು. ಎಡಗೈ ಎತ್ತಿದಳು. ಗುಂಡಿಗೆ ಒಂದು ಗೇಣು ಇದೆ ಅನ್ನುವಾಗ ಕೈ ನಿಂತಿತು. ಅವಳ ಕಣ್ಣು ಇಡೀ ಹಾಲಿನಲ್ಲಿ ಆಕೆಯನ್ನು ಹುಡುಕಿತು.

"ಮೇಡಂ, ನಿಲ್ಲಿಸ್ಲಾ?"

ನನ್ನನ್ನು ಕೇಳಬೇಡಿ, ನಿಮಗೆ ಅನ್ನಿಸಿದ್ದು ಮಾಡಿ ಎಂದಳು ಆಕೆ. ದೊಡ್ಡಕ್ಕ ತಲೆಯಾಡಿಸಿದಳು. ಕೈ ಇದ್ದಲ್ಲೇ ಇತ್ತು. ನಿಲ್ಲಿಸಿ ಎಂದು ಯಾರೂ ಹೇಳದ್ದರಿಂದ ಹುಡುಗಿಯರು ಇನ್ನೊಂದು ಚಾದರದ ಅಂಚು ಹಿಡಿದು ಬಾಯಿಗೆ ಒಡ್ಡಿದರು. ಸದ್ದು ಹೆಚ್ಚುತ್ತಲೇ ಇತ್ತು. ನಿಲ್ಲಿಸಿ ಎಂದರೆ ಅದೂ ತನ್ನ ಅಪ್ಪಣೆಯೇ. ಸುಮ್ಮನಿದ್ದರೆ ಆ ಹುಡುಗಿಯರ ಕೈ. ಇಪ್ಪತ್ತು ವರ್ಷ ಯಾರನ್ನೂ ಕೇಳದೆ ನಿಲ್ಲಿಸುತ್ತಿದ್ದ ಹೆಂಗಸು ಇವಳೇ ಎಂದರೆ ಯಾರು ನಂಬುತ್ತಾರೆ? ಮಾಡಿದವಳು ನಾನಲ್ಲವೇ ಎಂದುಕೊಂಡು ಆಕೆ ನೋಯುವ ಮಂಡಿಯಲ್ಲಿ ಓಡಿ ಹೋಗಿ ಗುಂಡಿ ಒತ್ತಿದಳು.

ಯಂತ್ರ ನಿಂತಿತು. ಒಂದು ಬೋಲ್ಟು ಸಡಿಲವಾಗಿತ್ತು, ಅಷ್ಟೆ. ಮೆಕ್ಯಾನಿಕ್ಕು ಬಂದು ಐದು ನಿಮಿಷದಲ್ಲಿ ಬಿಗಿ ಮಾಡಿ ಹೋದ. ದೊಡ್ಡಕ್ಕ ಉಸಿರು ಬಿಟ್ಟು, ಸೆರಗಿನಿಂದ ಮುಖ ಒರೆಸಿಕೊಂಡಳು. ಅವಳ ಮುಖ ಈಗ ನಿರಾಳವಾಗಿತ್ತು.

"ನೀವು ಇದ್ದಿದ್ದು ಒಳ್ಳೇದಾಯ್ತು," ಎಂದಳು. "ನಾಳೆ ಹೀಗಾದ್ರೆ ಯಾರನ್ನ ಕೇಳ್ಲಿ ಮೇಡಂ?"

ಕೊಂಕಿನ ಮಾತಲ್ಲ. ಅವಳಿಗೆ ನಿಜವಾಗಿಯೂ ತಿಳಿಯಬೇಕಾಗಿತ್ತು. ಉತ್ತರಕ್ಕಾಗಿ ಕಾಯುತ್ತ ನಿಂತಳು.